ಒಬ್ಬಳೇ ವಲೆನ್ಸಿಯಾಕ್ಕೆ ಹೊರಟಿರುವ ತಂಗಿಗೆ

ಪ್ರೀತಿಯ ತಂಗೀ,

ನಿನ್ನ ಪತ್ರದ ತುಂಬ ವೀಸಾ, ಬಾಡಿಗೆ, ವಿಮೆ, ಬಿಸಿಲು. ಕೆಲಸದಿಂದ ನಿವೃತ್ತಳಾಗಿ ಒಬ್ಬಳೇ ಬಂದು ಈ ಊರಿನಲ್ಲಿ ನೆಲೆಸಬೇಕೆಂದಿರುವವಳು ಇವನ್ನೆಲ್ಲ ಕೇಳಲೇಬೇಕು. ಆದರೆ ಇಲ್ಲಿ ನಿನ್ನ ಜೊತೆ ಮಾತಾಡುವವರು ಯಾರು, ಜ್ವರ ಬಂದು ಮಲಗಿದರೆ ಬಾಗಿಲು ತಟ್ಟುವವರು ಯಾರು ಎಂದು ನೀನು ಒಂದು ಸಾಲೂ ಕೇಳಿಲ್ಲ. ನನಗೆ ಚಿಂತೆಯಾದದ್ದು ಅದೇ. ನಿನ್ನಂತೆಯೇ ಯೋಚನೆ ಮಾಡುತ್ತಿರುವ ಇನ್ನೂ ಕೆಲವರು ಬೆಂಗಳೂರು, ಮೈಸೂರಿನಲ್ಲಿದ್ದಾರೆ. ಹಾಗಾಗಿ ಉತ್ತರವನ್ನು ಎಲ್ಲರೂ ಓದುವಂತೆಯೇ ಬರೆಯುತ್ತಿದ್ದೇನೆ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ದುಡಿಯದೆ ಸ್ವಂತ ಹಣದಲ್ಲಿ ಬದುಕುವವರಿಗೆಂದು ಸ್ಪೇನಿನವರು ಕೊಡುವ ವೀಸಾಕ್ಕೆ ಈಗಿನ ಲೆಕ್ಕದಲ್ಲಿ ತಿಂಗಳಿಗೆ 2,400 ಯೂರೋ, ಅಂದರೆ ವರ್ಷಕ್ಕೆ 28,800 ಯೂರೋ ವರಮಾನ ತೋರಿಸಬೇಕು. ಜೊತೆಗೆ ಪೂರ್ತಿ ಖರ್ಚು ಭರಿಸುವ ಖಾಸಗಿ ಆರೋಗ್ಯ ವಿಮೆ ಬೇಕು. ಮೊದಲು ಒಂದು ವರ್ಷ, ಆಮೇಲೆ ಎರಡೆರಡು ವರ್ಷ, ಹೀಗೆ ಐದು ವರ್ಷ ಕಳೆದರೆ ದೀರ್ಘಾವಧಿಯ ವಾಸಕ್ಕೆ ಅರ್ಜಿ ಹಾಕಬಹುದು. ಒಂದು ವರ್ಷ ನೆಲೆಸಿದ ಮೇಲೆ ಸರ್ಕಾರಿ ಆರೋಗ್ಯ ವ್ಯವಸ್ಥೆಗೂ ಹಣ ಕಟ್ಟಿ ಸೇರುವ ದಾರಿಯಿದೆ: 65 ವರ್ಷದೊಳಗಿನವರಿಗೆ ತಿಂಗಳಿಗೆ 60 ಯೂರೋ, ದಾಟಿದವರಿಗೆ 157. ವರ್ಷದಲ್ಲಿ 183 ದಿನಕ್ಕಿಂತ ಹೆಚ್ಚು ಇಲ್ಲಿದ್ದರೆ ನಿನ್ನ ಪಿಂಚಣಿ, ಎಫ್‌ಡಿ ಬಡ್ಡಿ, ಜಯನಗರದ ಮನೆಯ ಬಾಡಿಗೆ ಎಲ್ಲವನ್ನೂ ಇಲ್ಲಿನ ತೆರಿಗೆ ಇಲಾಖೆಗೆ ಹೇಳಬೇಕಾಗುತ್ತದೆ. ಎರಡು ದೇಶಗಳ ನಡುವೆ ತೆರಿಗೆ ಒಪ್ಪಂದವಿದೆ, ಆದರೂ ಅಲ್ಲೊಬ್ಬ ಸಿ.ಎ., ಇಲ್ಲೊಬ್ಬ ತೆರಿಗೆ ಸಲಹೆಗಾರ, ಇಬ್ಬರನ್ನೂ ಕೇಳದೆ ವಿಮಾನ ಹತ್ತಬೇಡ. ಬಂದ ತಕ್ಷಣ ನಗರಸಭೆಯಲ್ಲಿ ವಾಸದ ನೋಂದಣಿ ಮಾಡಿಸು. ಇಲ್ಲಿ ಅದನ್ನು ಪಾದ್ರೋನ್ ಅನ್ನುತ್ತಾರೆ. ಆಸ್ಪತ್ರೆಯಿಂದ ಹಿಡಿದು ಹಿರಿಯರ ಕೇಂದ್ರದವರೆಗೆ ಎಲ್ಲ ಬಾಗಿಲಲ್ಲೂ ಅದನ್ನೇ ಕೇಳುತ್ತಾರೆ.

ಇನ್ನು ಜನರ ವಿಷಯ.

ನಮ್ಮಲ್ಲಿ ಒಬ್ಬರು ಹತ್ತಿರವಾದರು ಅನ್ನುವುದಕ್ಕೆ ಗುರುತು ಅಡುಗೆಮನೆ. ಬಂದವರು ಹಾಲ್‌ನಲ್ಲಿ ಕೂರದೆ ನೇರ ಒಳಗೆ ಬಂದು, ಡಬ್ಬಿ ತೆಗೆದು ತಾವೇ ಕಾಫಿ ಬೆರೆಸಿಕೊಂಡರೆ ಅವರು ನಮ್ಮವರು. ವಲೆನ್ಸಿಯಾದಲ್ಲಿ ಈ ಗುರುತನ್ನು ಹುಡುಕಬೇಡ. ಇಲ್ಲಿನವರು ಮನೆಯನ್ನು ಹೆಂಡತಿ, ಮಕ್ಕಳು, ಅಜ್ಜ, ಅಜ್ಜಿಗೆಂದು ಇಟ್ಟುಕೊಳ್ಳುತ್ತಾರೆ. ಸ್ನೇಹಿತರಿಗೆ ಬೀದಿಯಿದೆ, ಚೌಕವಿದೆ, ಮೂಲೆಯ ಬಾರ್ ಇದೆ. ನಿನ್ನನ್ನು ಕಂಡರೆ ಎರಡು ಕೆನ್ನೆಗೂ ಮುತ್ತಿಟ್ಟು, ಕೈ ಹಿಡಿದು ಅರ್ಧ ಗಂಟೆ ಮಾತಾಡಿಸುವ ಹೆಂಗಸು ವರ್ಷವಾದರೂ ಮನೆಗೆ ಬಾ ಅನ್ನದಿರಬಹುದು. ಅದರಲ್ಲಿ ಅಸಡ್ಡೆಯಿಲ್ಲ. ನಮ್ಮ ಕಡೆಯಿಂದ ಬಂದ ಎಷ್ಟೋ ಜನ ಮೊದಲ ವರ್ಷವೇ ನೊಂದುಕೊಂಡು ಮನೆ ಸೇರಿಬಿಡುವುದು ಈ ಒಂದು ಕಾರಣಕ್ಕೆ. ಕರೆಯಲಿಲ್ಲ, ಕರೆಯಲಿಲ್ಲ ಅನ್ನುತ್ತಾ ಕೂರುತ್ತಾರೆ. ಕರೆಯಲಿ ಎಂದು ಕಾಯಬಾರದು, ಜನ ಇರುವಲ್ಲಿಗೆ ನಾವೇ ಹೋಗಬೇಕು. ಒಮ್ಮೆ ಹೋದರೂ ಸಾಲದು. ಅದೇ ಜಾಗಕ್ಕೆ, ಅದೇ ಹೊತ್ತಿಗೆ, ವಾರ ವಾರವೂ ಹೋಗಬೇಕು.

ಈ ಊರಿನ ಹಳೆಯ ರೂಢಿಗಳೆಲ್ಲ ಹೀಗೆಯೇ ನಡೆಯುತ್ತಿವೆ. ಗುರುವಾರ ಮಧ್ಯಾಹ್ನ ಹನ್ನೆರಡು ಹೊಡೆಯುವಾಗ ಕ್ಯಾಥೆಡ್ರಲ್‌ನ ಅಪೊಸ್ತಲರ ಬಾಗಿಲ ಮುಂದೆ ನಿಂತು ನೋಡು. ಕಪ್ಪು ಅಂಗಿ ತೊಟ್ಟ ಎಂಟು ಮಂದಿ ರೈತರು ಬಂದು ಕೂರುತ್ತಾರೆ. ಅದು ನೀರಿನ ನ್ಯಾಯಮಂಡಳಿ. ತೂರಿಯಾ ನದಿಯ ಕಾಲುವೆ ನೀರಿನ ತಕರಾರುಗಳನ್ನು ಅವರು ಬಾಯಿಮಾತಿನಲ್ಲೇ, ವಲೆನ್ಸಿಯನ್ ಭಾಷೆಯಲ್ಲೇ ತೀರ್ಮಾನಿಸುತ್ತಾರೆ. 2009ರಲ್ಲಿ ಯುನೆಸ್ಕೋ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಎಷ್ಟೋ ವಾರ ತಕರಾರೇ ಇರುವುದಿಲ್ಲ. ಆದರೂ ಬರುತ್ತಾರೆ, ಹೆಸರು ಕೂಗುತ್ತಾರೆ, ಏಳುತ್ತಾರೆ. ಇಲ್ಲಿ ಒಡನಾಟ ಕೂಡ ಹೀಗೆಯೇ: ಕೆಲಸವಿಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ಬಂದು ಕೂತವರಿಗೆ ಅದು ದಕ್ಕುತ್ತದೆ.

ನಿನ್ನ ಹೊತ್ತು ಬೆಳಗಿನ ಹತ್ತು ಗಂಟೆಯಾಗಲಿ. ಆಗ ಇಲ್ಲಿನವರು ಎಸ್ಮೊರ್ಸಾರ್ ಅನ್ನುವ ಎರಡನೇ ತಿಂಡಿಗೆ ಸೇರುತ್ತಾರೆ. ಗಾರೆಯವರು, ಬ್ಯಾಂಕಿನವರು, ನಿವೃತ್ತರು ಎಲ್ಲರೂ ಒಂದೇ ಬಾರ್‌ನಲ್ಲಿ. ಮೇಜಿನ ಮೇಲೆ ಮೊದಲೇ ಒಂದು ತಟ್ಟೆ ಸಿಪ್ಪೆ ಸಹಿತ ಕಡಲೆಕಾಯಿ, ಒಂದು ತಟ್ಟೆ ಆಲಿವ್ ಬಂದು ಕೂತಿರುತ್ತವೆ. ಆಮೇಲೆ ಮೊಳಕೈ ಉದ್ದದ ಬ್ರೆಡ್ಡಿನೊಳಗೆ ಮಾಂಸವನ್ನೋ ಆಲೂಗಡ್ಡೆ ಆಮ್ಲೆಟ್ಟನ್ನೋ ತುಂಬಿ ತರುತ್ತಾರೆ. ಮೊಟ್ಟೆಯೂ ಬೇಡವೆಂದರೆ ತುರಿದ ಟೊಮೆಟೊ, ಆಲಿವ್ ಎಣ್ಣೆ, ಉಪ್ಪು ಸವರಿದ ಬ್ರೆಡ್ ಕೇಳು, ಯಾರೂ ಹುಬ್ಬೇರಿಸುವುದಿಲ್ಲ. ಕೊನೆಗೆ ಪುಟ್ಟ ಗಾಜಿನ ಲೋಟದಲ್ಲಿ ಕ್ರೆಮಾಎತ್ ಬರುತ್ತದೆ: ರಮ್ಮಿಗೆ ಸಕ್ಕರೆ, ನಿಂಬೆ ಸಿಪ್ಪೆ, ಚಕ್ಕೆ, ಒಂದೆರಡು ಕಾಫಿ ಬೀಜ ಹಾಕಿ ಬೆಂಕಿ ತಗುಲಿಸಿ, ಮೇಲೆ ಕಾಫಿ ಬಿಟ್ಟದ್ದು. ನೀನು ಕುಡಿಯದಿದ್ದರೆ ಹಾಲಿನ ಕಾಫಿ ಕುಡಿ. ಮುಖ್ಯವಾದದ್ದು ಕುರ್ಚಿ. ಮೊದಲ ವಾರ ನಿನಗೆ ಬರೀ ತಲೆದೂಗುತ್ತಾರೆ. ಕೆಲವು ವಾರ ಕಳೆದ ಮೇಲೆ ಹೇಳದೆಯೇ ನಿನ್ನ ಕಾಫಿ ಬರುತ್ತದೆ. ಒಂದು ದಿನ ತಪ್ಪಿಸಿದರೆ ಮರುದಿನ ಪಕ್ಕದ ಮೇಜಿನವರು ಹುಷಾರಿಲ್ಲವಾ ಎಂದು ಕೇಳುತ್ತಾರೆ. ಒಂಟಿಯಾಗಿ ಬದುಕುವವರಿಗೆ ಈ ಒಂದು ಪ್ರಶ್ನೆಯ ಬೆಲೆ ಎಷ್ಟೆಂದು ನಿನಗೆ ಈಗ ತಿಳಿಯದು, ಇಲ್ಲಿಗೆ ಬಂದ ಮೇಲೆ ತಿಳಿಯುತ್ತದೆ.

ಮಾರುಕಟ್ಟೆಯಲ್ಲೂ ಹಾಗೆಯೇ. 1928ರಲ್ಲಿ ತೆರೆದ ಸೆಂಟ್ರಲ್ ಮಾರ್ಕೆಟ್ ಪ್ರವಾಸಿಗರಿಂದ ತುಂಬಿರುತ್ತದೆ, ನೋಡಲು ಚೆಂದ. ದಿನದ ತರಕಾರಿಗೆ ನಿನ್ನ ಬಡಾವಣೆಯ ಮಾರುಕಟ್ಟೆಯೇ ಸರಿ. ಅಲ್ಲಿ ಕ್ಯೂ ಕಾಣುವುದಿಲ್ಲ, ಎಲ್ಲರೂ ಅಲ್ಲಲ್ಲಿ ನಿಂತಿರುತ್ತಾರೆ. ಬಂದವರು ‘ಕಡೆಯವರು ಯಾರು?’ ಎಂದು ಗಟ್ಟಿಯಾಗಿ ಕೇಳಬೇಕು. ಯಾರೋ ಒಬ್ಬರು ಕೈ ಎತ್ತುತ್ತಾರೆ. ಅವರಾದ ಮೇಲೆ ನೀನು. ಹೀಗೆ ಕೇಳಿದ ಮೇಲೆ ಮಾತು ತಾನಾಗಿ ಬೆಳೆಯುತ್ತದೆ. ಪಲ್ಲೆಹೂವನ್ನು, ಅದೇ ಆರ್ಟಿಚೋಕನ್ನು, ಹೇಗೆ ಬಿಡಿಸಬೇಕೆಂದು ಒಮ್ಮೆ ಕೇಳಿನೋಡು. ಅಂಗಡಿಯವಳ ಜೊತೆ ನಾಲ್ಕು ಗಿರಾಕಿಗಳು ಪಾಠ ಹೇಳುತ್ತಾರೆ.

ಇದಕ್ಕೆಲ್ಲ ಭಾಷೆ ಬೇಕು. ಇಂಗ್ಲಿಷಿನಲ್ಲಿ ಇಲ್ಲಿ ಬದುಕಬಹುದು, ಬಾಳಲು ಆಗದು. ವಲೆನ್ಸಿಯಾದಲ್ಲಿ ಇಂಗ್ಲಿಷ್ ಮಾತಾಡುವ ವಿದೇಶಿಯರ ಕೂಟಗಳು ಬೇಕಾದಷ್ಟಿವೆ. ಬಂದ ಹೊಸದರಲ್ಲಿ ಹೋಗು, ದಂತವೈದ್ಯರು, ಪ್ಲಂಬರ್ ವಿಳಾಸ ಸಿಗುತ್ತವೆ. ಅಲ್ಲೇ ಉಳಿದುಬಿಡಬೇಡ. ಆ ಕೂಟದವರಲ್ಲಿ ಅರ್ಧ ಜನ ಎರಡು ಮೂರು ವರ್ಷದಲ್ಲಿ ಊರು ಬಿಡುವವರು. ಅರವತ್ತು ದಾಟಿದ ಮೇಲೆ ಪದೇ ಪದೇ ಬೀಳ್ಕೊಡುವುದು ಸುಲಭವಲ್ಲ. ಮೊದಲು ಸ್ಪ್ಯಾನಿಷ್ ಕಲಿ. ವಲೆನ್ಸಿಯನ್ ಭಾಷೆಯಲ್ಲಿ ಮುಂಜಾನೆಯ ‘ಬೊನ್ ದಿಯಾ’, ಥ್ಯಾಂಕ್ಸಿಗೆ ‘ಗ್ರಾಸಿಯೆಸ್’ ಅಷ್ಟಾದರೂ ಬಾಯಿಗೆ ಬರಲಿ. ಬೆಂಗಳೂರಿಗೆ ಬಂದವರು ಎರಡು ಮಾತು ಕನ್ನಡ ಆಡಿದರೆ ನಮಗೆ ಎಷ್ಟು ಹಿತವಾಗುತ್ತದೋ ಇಲ್ಲಿನವರಿಗೂ ಅಷ್ಟೇ.

ತರಗತಿಗಳಿಗೆ ಇಲ್ಲಿ ಬರವಿಲ್ಲ. ಸರ್ಕಾರಿ ಭಾಷಾ ಶಾಲೆಯಿದೆ, ವಯಸ್ಕರ ಶಾಲೆಗಳಿವೆ. ವಲೆನ್ಸಿಯಾ ವಿಶ್ವವಿದ್ಯಾಲಯ 55 ದಾಟಿದವರಿಗೆಂದೇ ‘ಲಾ ನೌ ಗ್ರಾನ್’ ಎಂಬ ಕೋರ್ಸುಗಳನ್ನು ನಡೆಸುತ್ತದೆ: ಇತಿಹಾಸ, ಕಲೆ, ವಿಜ್ಞಾನ. ನನ್ನ ಮಾತು ಕೇಳುವುದಾದರೆ ಸಂಗೀತದ ಕಡೆ ಹೋಗು. ಈ ಸೀಮೆಯಲ್ಲಿ ಸಣ್ಣ ಊರಿಗೂ ಒಂದು ವಾದ್ಯವೃಂದದ ಸಂಘವಿರುತ್ತದೆ, ಬಡಾವಣೆಗಳಲ್ಲಿ ಹವ್ಯಾಸಿ ಗಾಯಕರ ಮೇಳಗಳಿವೆ. ಚಿಕ್ಕಂದಿನಲ್ಲಿ ಕಲಿತ ಸರಳೆ ವರಸೆಯಿಂದ ನಿನ್ನ ಶ್ರುತಿ ಗಟ್ಟಿಯಿದೆ. ಮೇಳದಲ್ಲಿ ಮಾತು ಬಾರದಿದ್ದರೂ ದನಿ ಸೇರುತ್ತದೆ, ಅಭ್ಯಾಸ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಊಟಕ್ಕೆ ಹೋಗುತ್ತಾರೆ. ಒಬ್ಬಳಿಗೆ ಅದೂ ಒಂದು ಭಾಗ್ಯ, ಯಾಕೆಂದರೆ ಒಳ್ಳೆಯ ಹೋಟೆಲಿನಲ್ಲಿ ಪಾಯೆಯಾ ಅನ್ನವನ್ನು ಕಡಿಮೆಯೆಂದರೆ ಇಬ್ಬರಿಗೆ ಮಾಡಿಕೊಡುತ್ತಾರೆ.

ಮನೆಯನ್ನು ಸಮುದ್ರ ನೋಡಿ ಆರಿಸಬೇಡ, ಬೀದಿ ನೋಡಿ ಆರಿಸು. ಬೆನಿಮಾಕ್ಲೆಟ್‌ನಂಥ ಬಡಾವಣೆ ನನಗೆ ಇಷ್ಟ. ಹಿಂದೆ ಅದು ಬೇರೆಯೇ ಹಳ್ಳಿ. ಈಗ ನಗರದೊಳಗೆ ಸೇರಿದ್ದರೂ ಚರ್ಚಿನ ಮುಂದಿನ ಚೌಕದಲ್ಲಿ ಅಜ್ಜಂದಿರೂ ವಿದ್ಯಾರ್ಥಿಗಳೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡುವ ಫ್ಲ್ಯಾಟುಗಳೇ ತುಂಬಿರುವ ಕಟ್ಟಡ ಬೇಡ, ಅಲ್ಲಿ ನೆರೆಹೊರೆ ವಾರಕ್ಕೊಮ್ಮೆ ಬದಲಾಗುತ್ತದೆ. ಕಟ್ಟಡದ ನಿವಾಸಿಗಳ ಸಭೆಗೆ ಮನೆ ಮಾಲೀಕರನ್ನು ಮಾತ್ರ ಕರೆಯುತ್ತಾರೆ, ಆದರೆ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ನಮಸ್ಕಾರ ಹೇಳಲು ಬಾಡಿಗೆಯವಳಿಗೂ ಹಕ್ಕಿದೆ.

ನೆಲಮಹಡಿಯ ವಿಷಯ ಒಂದು ಮಾತು. 1957ರ ಅಕ್ಟೋಬರಿನಲ್ಲಿ ತೂರಿಯಾ ಉಕ್ಕಿ ನಗರವನ್ನೇ ಮುಳುಗಿಸಿತು. ಆಮೇಲೆ ನದಿಯನ್ನು ಊರಿನ ದಕ್ಷಿಣಕ್ಕೆ ತಿರುಗಿಸಿದರು. ಹಳೆಯ ಪಾತ್ರ ಇಂದು ಒಂಬತ್ತು ಕಿಲೋಮೀಟರಿನಷ್ಟು ಉದ್ದದ ಉದ್ಯಾನ. ನೀನು ದಿನವೂ ನಡೆಯುವುದು ಅಲ್ಲೇ. 2024ರ ಅಕ್ಟೋಬರ್ 29ರಂದು ಮತ್ತೆ ನೀರು ಬಂತು. ಹೊಸ ಪಾತ್ರ ನಗರವನ್ನು ಉಳಿಸಿತು, ಅದರಾಚೆಯ ಪೈಪೋರ್ತಾ, ಕತರ್‌ರೋಜಾದಂಥ ಊರುಗಳು ಕೆಸರಲ್ಲಿ ಹೂತುಹೋದವು. ವಲೆನ್ಸಿಯಾ ಪ್ರಾಂತ್ಯದಲ್ಲಿ 220ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳಷ್ಟು ಮಂದಿ ವಯಸ್ಸಾದವರು. ಫೋನಿಗೆ ಸರ್ಕಾರದ ಎಚ್ಚರಿಕೆ ಬಂದದ್ದು ರಾತ್ರಿ ಎಂಟು ದಾಟಿದ ಮೇಲೆ. ಅಷ್ಟರಲ್ಲಿ ಎಷ್ಟೋ ಮನೆಗಳಿಗೆ ನೀರು ನುಗ್ಗಿಯಾಗಿತ್ತು. ಕೆಳಗಿನವರನ್ನು ಮೇಲೆಳೆದುಕೊಂಡದ್ದು ಮೇಲಿನ ಮನೆಯವರು. ಮರುದಿನಗಳಲ್ಲಿ ನಗರದ ಸಾವಿರಾರು ಹುಡುಗ ಹುಡುಗಿಯರು ಪೊರಕೆ, ಸಲಿಕೆ ಹೊತ್ತು ಸೇತುವೆ ದಾಟಿ ನಡೆದೇ ಹೋದರು. ಆದ್ದರಿಂದ ಬಾಡಿಗೆಗೆ ಹುಡುಕುವಾಗ ಪ್ರವಾಹದ ನಕ್ಷೆ ನೋಡು, ನೆಲಮಹಡಿ ಬೇಡ. ಮೇಲಿನ ಮನೆಯವರ ಹೆಸರು ಮೊದಲ ತಿಂಗಳಲ್ಲೇ ತಿಳಿದುಕೊ.

ಮಾರ್ಚ್ ತಿಂಗಳ ಫಾಯಸ್ ಹಬ್ಬದ ಗದ್ದಲಕ್ಕೆ ಹೆದರಿ ಊರು ಬಿಡುವವರಿದ್ದಾರೆ. ನೀನು ಹೋಗಬೇಡ. ಬೀದಿಬೀದಿಯ ಸಮಿತಿಗಳು ವರ್ಷವಿಡೀ ಚಂದಾ ಕೂಡಿಸಿ ಕಟ್ಟಿಸಿದ ಬೃಹತ್ ಗೊಂಬೆಗಳನ್ನು 19ರ ರಾತ್ರಿ ಸುಡುತ್ತಾರೆ. ನಮ್ಮ ಗಣೇಶೋತ್ಸವದ ಮಂಡಳಿ ಕಂಡವಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಮಿತಿಯ ಕೊಠಡಿ ವರ್ಷಪೂರ್ತಿ ತೆರೆದಿರುತ್ತದೆ, ವಿದೇಶಿಯರೂ ಸದಸ್ಯರಾಗಬಹುದು.

ಕಷ್ಟದ ದಿನಗಳೂ ಇವೆ. ಆಗಸ್ಟಿನಲ್ಲಿ ಊರಿಗೂರೇ ಬಾಗಿಲು ಹಾಕಿಕೊಂಡು ಹಳ್ಳಿಗೆ, ಸಮುದ್ರಕ್ಕೆ ಹೋಗುತ್ತದೆ. ಡಿಸೆಂಬರ್ 24ರ ಸಂಜೆ ಬೀದಿಯಲ್ಲಿ ನರಪಿಳ್ಳೆಯೂ ಇರುವುದಿಲ್ಲ, ಎಲ್ಲರೂ ತಮ್ಮ ತಮ್ಮ ಮನೆಯವರ ಜೊತೆ. ಬೆಂಗಳೂರಿಗೆ ಹೋಗುವ ಟಿಕೆಟ್ಟನ್ನು ಇವೆರಡರಲ್ಲಿ ಒಂದಕ್ಕೆ ಹೊಂದಿಸಿಕೊ. ಊರಿಗೆ ಫೋನ್ ಮಾಡುವುದಕ್ಕೂ ಹೊತ್ತು ಗೊತ್ತುಮಾಡು. ಅಮ್ಮನಿಗೆ ರಾತ್ರಿ ಎಂಟಾದಾಗ ಇಲ್ಲಿ ಮಧ್ಯಾಹ್ನ ಮೂರೂವರೆ, ಬೇಸಿಗೆಯಲ್ಲಿ ನಾಲ್ಕೂವರೆ. ಅಂಗಡಿಗಳು ಮುಚ್ಚಿ ಜನ ಒಳಗಿರುವ ಸಮಯ ಅದು. ಆಗ ಮನಸಾರೆ ಮಾತಾಡು. ಬೆಳಗು ಮತ್ತು ಸಂಜೆಯನ್ನು ಮೊಬೈಲಿಗೆ ಕೊಡಬೇಡ, ಅವು ಈ ಊರಿಗೆ ಸೇರಿದವು.

ಕಾಯಿಲೆಯ ವಿಷಯದಲ್ಲಿ ಸಂಕೋಚ ಬೇಡ. ಮನೆಯ ಇನ್ನೊಂದು ಬೀಗದ ಕೈ ಅದೇ ಕಟ್ಟಡದ ಒಬ್ಬರ ಹತ್ತಿರ ಇರಲಿ. ನಿನ್ನ ಔಷಧಿಗಳ ಪಟ್ಟಿಯನ್ನು ಸ್ಪ್ಯಾನಿಷಿನಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸು. ತುರ್ತಿಗೆ 112. ವಯಸ್ಸಾದ ಒಂಟಿಯವರಿಗೆ ಕೊರಳಿಗೆ ಹಾಕಿಕೊಳ್ಳುವ ಕರೆಗುಂಡಿಯ ವ್ಯವಸ್ಥೆಯೂ ಇದೆ. ಸಮಯ ಬಂದಾಗ ಕೇಳಿ ಪಡೆದುಕೊ.

ಇಷ್ಟಾದ ಮೇಲೂ ಬರುವ ಮನಸ್ಸಿದ್ದರೆ ಮನೆ ಖಾಲಿ ಮಾಡುವ ಮೊದಲು ಒಮ್ಮೆ ಪ್ರವಾಸಿ ವೀಸಾದಲ್ಲಿ ಬಂದು ಇದ್ದು ನೋಡು, ಷೆಂಗೆನ್ ನಿಯಮದಂತೆ 90 ದಿನದವರೆಗೆ ಅವಕಾಶವಿದೆ. ಕಿತ್ತಳೆ ಹೂ ಬಿಡುವ ಏಪ್ರಿಲ್‌ನಲ್ಲಿ ಬರಬೇಡ, ಆಗ ಯಾರಿಗಾದರೂ ಈ ಊರು ಹಿಡಿಸುತ್ತದೆ. ನವೆಂಬರಿನಲ್ಲಿ ಬಾ, ಸಂಜೆ ಆರಕ್ಕೇ ಕತ್ತಲಾಗಿ, ಹೀಟರ್ ಇಲ್ಲದ ಮನೆಗಳು ತಣ್ಣಗೆ ಕೊರೆಯುವಾಗ. ಅದಕ್ಕೂ ಮೊದಲು, ಈ ವಾರವೇ, ಸ್ಪ್ಯಾನಿಷ್ ತರಗತಿಗೆ ಹೆಸರು ಕೊಡು.

ನಿನ್ನ
ಅಕ್ಕ