ಗದ್ವಾಲ್ ಸೀರೆಯನ್ನು ಬಿಡಿಸಿ ನೋಡೋಣ

ಮಕ್ಕಳೇ, ಗದ್ವಾಲ್, ಮಕ್ತಲ್, ನಾರಾಯಣಪೇಟೆ ಕಡೆಯ ಮನೆಗಳ ಟ್ರಂಕಿನಲ್ಲಿ ಒಂದಾದರೂ ಹಳೆಯ ಗದ್ವಾಲ್ ಸೀರೆ ಇರುತ್ತದೆ. ಅವ್ವನನ್ನೋ ಅಜ್ಜಿಯನ್ನೋ ಕೇಳಿ ಅದನ್ನು ಹೊರಗೆ ತೆಗೆಸಿ. ಪೂರ್ತಿ ರೇಷ್ಮೆಯದು ಬೇಡ, ಹತ್ತಿ ಮೈಯ ಸೀರೆ ಬೇಕು. ಮೈ ಮುಟ್ಟಿದರೆ ಹತ್ತಿ. ಅಂಚು, ಸೆರಗು ಮುಟ್ಟಿದರೆ ರೇಷ್ಮೆ, ಜೊತೆಗೆ ಜರಿ. ಈಗ ತಿರುವಿ ಹಾಕಿ, ಹತ್ತಿಯೂ ಅಂಚಿನ ರೇಷ್ಮೆಯೂ ಸೇರುವ ಗೆರೆ ಹುಡುಕಿ. ಅಲ್ಲಿ ಸೂಜಿ ಹೊಲಿಗೆ ಇಲ್ಲ. ಮೈಗೊಂದು, ಎರಡು ಅಂಚಿಗೆ ಒಂದೊಂದು, ಹೀಗೆ ಮೂರು ಲಾಳಿ ಹಾಕಿ ನೇಯುತ್ತಾರೆ. ಮೈಯ ಹೊಕ್ಕಿನ ಎಳೆ ಅಂಚಿನ ಹೊಕ್ಕಿನ ಎಳೆಯನ್ನು ಕೊಕ್ಕೆಯಂತೆ ಹಿಡಿದು ಹಿಂದಿರುಗುತ್ತದೆ. ಇದಕ್ಕೆ ಕುಪ್ಪಡಂ ನೇಯ್ಗೆ ಅಂತಾರೆ.

ಆ ಗೆರೆಯಲ್ಲಿ ಅಂಥದ್ದೇನಿದೆ? ಅದಕ್ಕೆ ಮೊದಲು ಸ್ವಲ್ಪ ದೂರ ಹೋಗಿ ಬರೋಣ. ಬ್ರಿಟನ್ನಿನ ಬರ್ಬೆರಿ ಎಂಬ ದುಬಾರಿ ಉಡುಪಿನ ಕಂಪನಿ ಒಂದೇ ವರ್ಷದಲ್ಲಿ 2.86 ಕೋಟಿ ಪೌಂಡ್ ಬೆಲೆಯ ಮಾರಾಟವಾಗದ ಮಾಲನ್ನು ನಾಶ ಮಾಡಿದ್ದು 2018ರ ಅದರ ವರದಿಯಿಂದ ಗೊತ್ತಾಯಿತು. ಕಡಿಮೆ ಬೆಲೆಗೆ ಮಾರಿದರೆ ಹೆಸರಿನ ಗತ್ತು ಹೋಗುತ್ತದಲ್ಲ, ಅದಕ್ಕೆ! ಜನ ಸಿಟ್ಟಾದರು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಂಪನಿ ಇದನ್ನು ನಿಲ್ಲಿಸುವುದಾಗಿ ಹೇಳಿತು. 2020ರಲ್ಲಿ ಫ್ರಾನ್ಸ್ ಇಂಥದ್ದರ ವಿರುದ್ಧ ಕಾನೂನನ್ನೇ ಮಾಡಿತು.

ಬಳಸಿದ ವಸ್ತು ತಿಪ್ಪೆಗೆ ಹೋಗದೆ ಮತ್ತೆ ಬಳಕೆಗೆ ಬರುವ ಹಾಗೆ ನೋಡಿಕೊಳ್ಳುವುದೇ ವರ್ತುಲ ಆರ್ಥಿಕತೆ. ಆದರೆ ಸುಡುವುದನ್ನು ಬಿಟ್ಟ ಮಾತ್ರಕ್ಕೆ ವರ್ತುಲ ಪೂರ್ತಿಯಾಗುವುದಿಲ್ಲ. ಜಗತ್ತಿನಲ್ಲಿ ಬಟ್ಟೆಗೆಂದು ಬಳಸಿದ ವಸ್ತುವಿನಲ್ಲಿ ಮತ್ತೆ ಬಟ್ಟೆಯಾಗುವುದು ಶೇ. 1ಕ್ಕಿಂತ ಕಡಿಮೆ ಎಂದು ಎಲೆನ್ ಮ್ಯಾಕ್‌ಆರ್ಥರ್ ಫೌಂಡೇಶನ್ 2017ರಲ್ಲಿ ಹೇಳಿತು. ಒಂದು ದೊಡ್ಡ ಕಾರಣ ಬೆರಕೆ ನೂಲು. ಹತ್ತಿ ಸೆಲ್ಯುಲೋಸ್, ರೇಷ್ಮೆ ಪ್ರೋಟೀನ್. ಎರಡನ್ನೂ ಒಂದೇ ದಾರದಲ್ಲಿ ಹೊಸೆದರೆ ಕೈಯಿಂದ ಬಿಡಿಸಲಾಗದು. ಕಾಸಿದ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣಕ್ಕೆ ಹಾಕಿದರೆ ರೇಷ್ಮೆ ಕರಗಿ ಹತ್ತಿ ಉಳಿಯುತ್ತದೆ. ಅಂದರೆ ಅಗ್ಗದ್ದು ಉಳಿಯಿತು, ದುಬಾರಿಯದು ಹೋಯಿತು!

ಗದ್ವಾಲ್ ಸೀರೆಗೆ ಒಂದು ಕತ್ತರಿ ಸಾಕು. ಆ ಗೆರೆಯ ಗುಂಟ ಕತ್ತರಿಸಿದರೆ ರೇಷ್ಮೆ ಅಂಚು ಮಗಳ ಲಂಗಕ್ಕೆ, ಮೆತ್ತಗಾದ ಹತ್ತಿ ಮೈ ಕೌದಿಗೆ. ನಮ್ಮ ಹೆಣ್ಣುಮಕ್ಕಳು ಯಾವ ಪುಸ್ತಕ ಓದಿಯೂ ಇದನ್ನು ಮಾಡಿದ್ದಲ್ಲ.

ಇನ್ನು ಜರಿ. ಅಸಲಿ ಜರಿಯಲ್ಲಿ ರೇಷ್ಮೆ ದಾರಕ್ಕೆ ಚಪ್ಪಟೆ ಬೆಳ್ಳಿ ತಂತಿ ಸುತ್ತಿ, ಮೇಲೆ ತೆಳುವಾಗಿ ಚಿನ್ನದ ಲೇಪ ಕೊಟ್ಟಿರುತ್ತಾರೆ. "ಹಳೇ ಜರಿ ಸೀರೆ ಕೊಡ್ರಿ" ಅಂತ ಕೂಗುತ್ತ ಬರುವವರು ರೊಕ್ಕ ಕೊಡುವುದು ಆ ಬೆಳ್ಳಿಗೆ. ಸುಟ್ಟರೆ ದಾರ ಹೋಗಿ ಲೋಹ ಉಳಿಯುತ್ತದೆ. ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿ ಕರಗುತ್ತದೆ, ಚಿನ್ನ ಕರಗುವುದಿಲ್ಲ. ಆ ದ್ರಾವಣಕ್ಕೆ ತಾಮ್ರದ ತುಂಡು ಹಾಕಿದರೆ ಬೆಳ್ಳಿ ಹೊರಬೀಳುತ್ತದೆ. ಹತ್ತನೇ ತರಗತಿಯವರಿಗೆ ಗುರುತು ಸಿಕ್ಕಿರಬೇಕು, ಇದು ಸ್ಥಾನಪಲ್ಲಟ ಕ್ರಿಯೆ: ತಾಮ್ರ + ಸಿಲ್ವರ್ ನೈಟ್ರೇಟ್ → ಕಾಪರ್ ನೈಟ್ರೇಟ್ + ಬೆಳ್ಳಿ. ಮನೆಯಲ್ಲಿ ಮಾಡಲು ಹೋಗಬೇಡಿ. ಬೆಳ್ಳಿ ಕರಗುವಾಗ ಏಳುವ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್, ಶ್ವಾಸಕೋಶಕ್ಕೆ ವಿಷ. ಕಿಟಕಿಯಿಲ್ಲದ ಕೋಣೆಯಲ್ಲಿ ಈ ಕೆಲಸ ಮಾಡುವವರ ಎದೆಯನ್ನು ಲೆಕ್ಕಕ್ಕೆ ಹಿಡಿಯದ ವರ್ತುಲವನ್ನು ನಾನಂತೂ ಒಳ್ಳೆಯದು ಎನ್ನಲಾರೆ.

ಈಗ ಅಂಗಡಿಯಲ್ಲಿ ಸಿಗುವ ಬಹಳಷ್ಟು ಜರಿ ಲೋಹದ ತೆಳು ಲೇಪವಿರುವ ಪಾಲಿಯೆಸ್ಟರ್ ಹಾಳೆಯ ಪಟ್ಟಿ. ಹೊಳಪು ಜೋರು. ಬೆಳ್ಳಿಯ ದರ ನೋಡಿದರೆ ಅದನ್ನು ಬಳಸುವ ನೇಕಾರರನ್ನು ದೂರಲಾಗದು. ಆದರೆ ಅಂಥ ಸೀರೆ ಹಳತಾದಾಗ ಜರಿಯಿಂದ ತೆಗೆಯಲು ಏನೂ ಇರುವುದಿಲ್ಲ. ರೇಷ್ಮೆ ಅಂಚಿನೊಳಗೆ ಪ್ಲಾಸ್ಟಿಕ್ ಹೆಣೆದುಕೊಂಡಿರುತ್ತದೆ. ಯಾವ ಜರಿ ಎಂದು ಸೀರೆಯ ಚೀಟಿಯಲ್ಲಿ ಬರೆಯಬೇಕು. ಕೊಳ್ಳುವವರು ಕೇಳಲೂಬೇಕು.

ಚೀಟಿ ಇಲ್ಲದಿದ್ದರೆ? ಸೀರೆಯ ತುದಿಯಿಂದ ಒಂದೊಂದೇ ಎಳೆ ತೆಗೆದು ಶಾಲೆಗೆ ತನ್ನಿ. ಶಿಕ್ಷಕರ ಎದುರಿನಲ್ಲೇ, ಇಕ್ಕಳದಲ್ಲಿ ಹಿಡಿದು ಮೇಣದಬತ್ತಿಗೆ ಒಡ್ಡಿ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಕಾಗದದ ವಾಸನೆ, ಮೆತ್ತನೆ ಬೂದಿ ಆದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್.

ನಾರಾಯಣಪೇಟೆಯವರಿಗೆ ಬೇರೊಂದು ಲೆಕ್ಕ. ನಿಮ್ಮಲ್ಲಿ ಎಂಟು ಸೀರೆಗೆ ಆಗುವಷ್ಟು ಹಾಸನ್ನು ಒಮ್ಮೆಗೇ ಮಗ್ಗಕ್ಕೇರಿಸುವ ವಾಡಿಕೆಯಿದೆ. ಹಾಸು ಮುಗಿಯುತ್ತ ಬಂದಾಗ ಕೊನೆಯಲ್ಲಿ ನೇಯಲಾಗದ ತುಂಡೊಂದು ಉಳಿಯುತ್ತದೆ. ಅದು 80 ಸೆಂ.ಮೀ. ಎಂದುಕೊಳ್ಳಿ, ಒಂದೊಂದೇ ಸೀರೆಗೆ ಹಾಸು ಹೂಡಿದ್ದರೆ ಪ್ರತಿ ಸೀರೆಗೂ 80 ಸೆಂ.ಮೀ. ನಷ್ಟ, ಎಂಟಕ್ಕೆ ಒಂದೇ ಹಾಸಾದರೆ ಸೀರೆಗೆ 10. ಹತ್ತಿರದ ಮಗ್ಗದ ಮನೆಗೆ ಹೋಗಿ ನಿಜವಾದ ತುಂಡನ್ನು ಅಳೆದು ಲೆಕ್ಕ ಮಾಡಿ. ಆ ತುಂಡು ಎಲ್ಲಿಗೆ ಹೋಗುತ್ತದೆ ಅಂತ ನೇಕಾರರನ್ನೇ ಕೇಳಿ, ಬರೆದು ಕಳಿಸಿ.