ತಿಪ್ಪೆ ತೊಳೆದ ನೀರು ಹಳ್ಳ ಸೇರದಿರಲಿ

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದಾಗ ಓಣಿಯ ಗಟಾರ ನೋಡಿ. ಚಹಾ ಬಣ್ಣದ ನೀರು ತಿಪ್ಪೆಯದು, ನೊರೆ ಬಚ್ಚಲದ್ದು. ಗಟಾರದಿಂದ ಹಳ್ಳ, ಹಳ್ಳದಿಂದ ಮಲಪ್ರಭೆ. ಎಂ.ಕೆ. ಹುಬ್ಬಳ್ಳಿ, ಮುನವಳ್ಳಿ, ರಾಮದುರ್ಗ, ತೊರಗಲ್ ಎಲ್ಲವೂ ಈ ಹೊಳೆಯ ದಂಡೆಯ ಊರುಗಳೇ. ನವಿಲುತೀರ್ಥದ ಅಣೆಕಟ್ಟಿನ ಹಿಂದೆ ನಿಲ್ಲುವ ಇದೇ ಹೊಳೆಯ ನೀರು ಹುಬ್ಬಳ್ಳಿ–ಧಾರವಾಡದ ನಲ್ಲಿಗಳಿಗೂ ಹೋಗುತ್ತದೆ.

1000 ಚದರಡಿ ಅಂಗಳದ ಮೇಲೆ 10 ಮಿ.ಮೀ. ಮಳೆಯಾದರೆ ಸುಮಾರು 930 ಲೀಟರ್ ನೀರು. ಅಂಗಳಕ್ಕೆಲ್ಲ ಪರಸಿ ಹಾಸಿದ್ದರೆ ಅದರಲ್ಲಿ ಹೆಚ್ಚಿನದು ದಾರಿಯ ಕೊಳೆಯನ್ನೆಲ್ಲ ಹೊತ್ತು ಹೊರಗೆ ಓಡುತ್ತದೆ. ಹೀಗೆ ಮಾಡಿ:

1. ನೀರಿನ ಜಾಡು ಹುಡುಕಿ. ಮಳೆಯಲ್ಲಿ ಕೊಡೆ ಹಿಡಿದು ಹಿತ್ತಲ ಸುತ್ತಿ. ನೀರು ಹೊರಬೀಳುವ ಮೂಲೆಯಲ್ಲಿ ಒಂದು ಗಾಜಿನ ಬಾಟ್ಲಿ ತುಂಬಿ, ತಾರೀಖು ಬರೆದಿಡಿ.

2. ತಿಪ್ಪೆ ಸರಿಸಿ. ಆ ಜಾಡಿನಿಂದ ದೂರ, ಎತ್ತರದ ಜಾಗಕ್ಕೆ. ಸುತ್ತ ಗೇಣೆತ್ತರದ ಬದು ಹಾಕಿ, ಮಳೆಗೆ ಮುಂಚೆ ತಾಡಪತ್ರಿ ಹೊದಿಸಿ. ತೊಳೆದುಹೋಗುವ ಸಾರ ನಿಮ್ಮ ಹೊಲದ್ದು. ಹಳ್ಳದಲ್ಲಿ ಅದು ಪಾಚಿಗೂ ಅಂತರಗಂಗೆಗೂ ಮೇವು.

3. ಬಚ್ಚಲ ನೀರನ್ನು ಮಣ್ಣು ನೋಡಿ ಬಿಡಿ. ಮಸಾರಿಯಲ್ಲಿ ಇಂಗುಗುಂಡಿ ನಡೆಯುತ್ತದೆ. ಎರಿ ಮಣ್ಣಿನ ಮಾತೇ ಬೇರೆ: ಒಣಗಿದಾಗ ಬಿರುಕು ಬಿಟ್ಟು ನೀರು ನುಂಗುತ್ತದೆ, ಒದ್ದೆಯಾದರೆ ಉಬ್ಬಿ ಬಾಯಿ ಮುಚ್ಚುತ್ತದೆ. ಅಲ್ಲಿ ಆಳದ ಗುಂಡಿಗಿಂತ ಉದ್ದನೆಯ, ಮೇಲುಮೇಲಿನ ಎರಡು ಪಾತಿ ಮಾಡಿ ಬಾಳೆ, ಕಾಬಾಳೆ ಹಚ್ಚಿ. ಒಂದು ಪಾತಿಗೆ ನೀರು ಬಿಟ್ಟ ವಾರ ಇನ್ನೊಂದು ಆರಲಿ. ಫಿನೈಲ್, ಆ್ಯಸಿಡ್ ಬೆರೆತ ನೀರು ಈ ಪಾತಿಗೆ ಬೇಡ.

4. ಮೋಡ ಕಟ್ಟಿದಾಗ ಯೂರಿಯಾ ಚೆಲ್ಲಬೇಡಿ. ಜೋರು ಮಳೆಯಾದರೆ ಗಿಡಕ್ಕಿಂತ ಮೊದಲು ಅದು ಹಳ್ಳಕ್ಕೆ ಸಿಗುತ್ತದೆ. ಔಷಧ ಹೊಡೆದ ಪಂಪನ್ನು ಹಳ್ಳದಲ್ಲಾಗಲಿ ಅಂಗಳದಲ್ಲಾಗಲಿ ತೊಳೆಯದೆ, ಹೊಲದಲ್ಲೇ ತೊಳೆದು ಆ ನೀರನ್ನು ಅದೇ ಬೆಳೆಗೆ ಹೊಡೆಯಿರಿ. ಟ್ರ್ಯಾಕ್ಟರಿನ ಹಳೇ ಆಯಿಲ್ ನೆಲಕ್ಕೆ ಸುರಿಯದೆ ಡಬ್ಬಿಯಲ್ಲಿ ಹಿಡಿದು ಗ್ಯಾರೇಜಿಗೆ ಕೊಡಿ.

5. ಇಳಿಜಾರಿನ ಅಂಚಿಗೆ ಕರಕಿ ಬೆಳೆಸಿ. ಎರಡು ಮಾರು ಅಗಲದ ಪಟ್ಟಿಯಾದರೂ ಇರಲಿ. ಅದು ನೀರಿನ ಓಟ ತಗ್ಗಿಸಿ ಮಣ್ಣು ಹಿಡಿಯುತ್ತದೆ. ಗುಡಿಸಿದ ಎಲೆ ಹಳ್ಳಕ್ಕೆ ಸುರಿಯುವ ಬದಲು ಗಿಡದ ಬುಡಕ್ಕೆ ಹಾಕಿ. ಪರಸಿ ನಡೆಯುವ ದಾರಿಗೆ ಸಾಕು.

ಕರಕಿ ಹಬ್ಬಿದ ಮೇಲೆ ಬರುವ ಜೋರು ಮಳೆಗೆ ಅದೇ ಮೂಲೆಯಲ್ಲಿ ಇನ್ನೊಂದು ಬಾಟ್ಲಿ ತುಂಬಿ. ಒಂದು ದಿನ ಅಲುಗಿಸದೆ ಇಟ್ಟು, ಎರಡರ ತಳದ ಕೆಸರನ್ನು ಬೆರಳಿನಿಂದ ಅಳೆಯಿರಿ. ಕೆಸರು ಕಮ್ಮಿಯಾಗದಿದ್ದರೆ ಮತ್ತೆ ಕೊಡೆ ಹಿಡಿದು ಮೊದಲ ಹೆಜ್ಜೆಯಿಂದ ಶುರುಮಾಡಿ.