ಇಂದಿನ ಧಮ್ಮ ಚಿಂತನೆ: ಒಂದೇ ಪ್ರತಿ ಸಾಲದು



1956ರಲ್ಲಿ ಬಾಬಾಸಾಹೇಬರು ಪರಿನಿಬ್ಬಾಣ ಹೊಂದಿದಾಗ ಅವರ ಎಷ್ಟೋ ಬರಹಗಳು ಇನ್ನೂ ಅಚ್ಚಾಗಿರಲಿಲ್ಲ. ಪ್ರಾಚೀನ ಭಾರತದ ಕ್ರಾಂತಿ ಮತ್ತು ಪ್ರತಿಕ್ರಾಂತಿಯ ಬಗ್ಗೆ ಅವರು ಬರೆದದ್ದು ಮಹಾರಾಷ್ಟ್ರ ಸರ್ಕಾರದ ಸಂಪುಟಗಳಲ್ಲಿ ಬಂದದ್ದು 1987ರಲ್ಲಿ. ಆಗಲೂ ಕೆಲವು ಅಧ್ಯಾಯಗಳು ಅಪೂರ್ಣ, ಕೆಲವು ಸಿಗಲೇ ಇಲ್ಲ.

ಈಗ ನಮ್ಮ ಮನೆ ನೋಡೋಣ. ಅಜ್ಜಿಯ ಇರುವ ಒಂದೇ ಫೋಟೊ, ದೀಕ್ಷೆಯ ದಿನದ ಚಿತ್ರಗಳು, ಮಕ್ಕಳ ಅಂಕಪಟ್ಟಿ, ಜಮೀನಿನ ಪಹಣಿ ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿವೆ. ಹಾರ್ಡ್ ಡಿಸ್ಕ್ ಒಂದು ದಿನ ಕೆಡುವುದು ಖಚಿತ.

"ಎಲ್ಲವೂ ಅನಿತ್ಯ, ಹೋದರೆ ಹೋಗಲಿ" ಎನ್ನುವುದು ಧಮ್ಮವಲ್ಲ. ಅನಿತ್ಯವೆಂದು ತಿಳಿದು ಎಚ್ಚರದಿಂದ ನಡೆಯುವುದೇ ಅಪ್ಪಮಾದ.

ಇಷ್ಟು ಮಾಡಿ:

1. ಮೂರು ಪ್ರತಿ ಇಡಿ: ಕಂಪ್ಯೂಟರಿನಲ್ಲಿ ಒಂದು, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ ಒಂದು, ಬೇರೆ ಊರಿನ ನೆಂಟರ ಮನೆಯಲ್ಲಿ ಅಥವಾ ಕ್ಲೌಡ್‌ನಲ್ಲಿ ಒಂದು.

2. ಕಾಪಿ ಮುಗಿದ ಮೇಲೆ ಡಿಸ್ಕನ್ನು ಬಿಚ್ಚಿಡಿ. ಸಿಕ್ಕಿಸಿಯೇ ಬಿಟ್ಟರೆ ವೈರಸ್ ಎರಡನ್ನೂ ಹಾಳುಮಾಡಬಹುದು.

3. ಸಿಂಕ್ ಒಂದನ್ನೇ ನಂಬಬೇಡಿ. ಫೋನಿನಲ್ಲಿ ಅಳಿಸಿದ ಫೋಟೊ ಕ್ಲೌಡ್‌ನಲ್ಲೂ ಅಳಿಯಬಹುದು.

4. ಹಳೆಯ ಫೋಟೊಗಳ ಫೈಲ್ ಹೆಸರಿನಲ್ಲೇ ವ್ಯಕ್ತಿ, ಊರು, ವರ್ಷ ಬರೆಯಿರಿ. ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ.

5. ಪ್ರತಿ ಹುಣ್ಣಿಮೆ, ವಂದನೆಯ ನಂತರ ಹೊಸ ಫೈಲುಗಳನ್ನು ಸೇರಿಸಿ. ನಾಲ್ಕಾರು ಫೈಲು ತೆರೆದು ನೋಡಿ. ತೆರೆಯದ ಪ್ರತಿ ಪ್ರತಿಯೇ ಅಲ್ಲ.

ನಮ್ಮ ಹಿರಿಯರ ಚರಿತ್ರೆಯನ್ನು ಬೇರೆಯವರು ಬರೆದಿಡಲಿಲ್ಲ. ಉಳಿದಿರುವಷ್ಟನ್ನು ಕಾಯುವ ಹೊಣೆ ನಮ್ಮದೇ.

ಇಂದಿನ ಅಭ್ಯಾಸ: ಕಳೆದರೆ ಮತ್ತೆ ಸಿಗದ ಹತ್ತು ಫೈಲುಗಳನ್ನು ಆರಿಸಿ, ಮಲಗುವ ಮುನ್ನ ಇನ್ನೊಂದು ಕಡೆ ಕಾಪಿ ಮಾಡಿ.

ಸಬ್ಬ ಮಂಗಲ. ಜೈ ಭೀಮ್.